ಅಕ್ಕನ ಕೈಗೆ ಬಂದ ಬಳೆ

ಹೊರದೇಶಕ್ಕೆ ಓದಲು ಹೋಗುವವರು ಲಸಿಕೆ ಹಾಕಿಸಿಕೊಳ್ಳುವ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕತಂಗಿಯರು ಕೂತಿದ್ದರು. ತಂಗಿ ತನ್ನ ಬಳೆ ಕಳಚಿ ಅಕ್ಕನ ಕೈಗೆ ತೊಡಿಸುತ್ತಿದ್ದಳು.

“ಬಿಗಿಯಾಯ್ತು ಕಣೇ.”

“ಇರ್ಲಿ ಅಕ್ಕಾ, ತೆಗೀಬೇಡ. ಅಮ್ಮನಿಗೆ ಕಣ್ಣು ಕಾಣಲ್ವಲ್ಲ, ಈ ಬಳೆ ಸವರಿ ನೋಡಿ ನಾನೇ ಅಂದ್ಕೊಂಡ್ರೆ ಮಾತ್ರ ಮಾತ್ರೆಗೆ ಬಾಯಿ ತೆರೀತಾಳೆ.”

“ನಾನು ಮಾತಾಡಿದ್ರೆ ಗೊತ್ತಾಗಲ್ವಾ?”

“ನಮ್ಮಿಬ್ಬರದೂ ಒಂದೇ ದನಿ. ಸ್ವಲ್ಪ ಬೈಕೊಂಡೇ ಕೊಡು, ನಾನು ಹಾಗೇ ಕೊಡೋದು.”

“ಬೈಯೋದನ್ನ ನನಗೆ ಹೇಳಿಕೊಡ್ತೀಯಾ?”

ಇಬ್ಬರೂ ನಕ್ಕರು.

“ಅಲ್ಲಿಂದ ಅಮ್ಮನಿಗೆ ಫೋನ್ ಮಾಡ್ತಿರ್ತೀಯಲ್ಲ?”

“ಹೇಗೆ ಮಾಡ್ಲಿ? ನಾನು ಮನೇಲೇ ಇದೀನಲ್ಲ.”

ಅಕ್ಕ ಬಳೆ ತಿರುಗಿಸಿದಳು.

“ಅಮ್ಮ ನನ್ನನ್ನ ಕೇಳಿದ್ರೆ?”

“ಅಕ್ಕ ಓದೋಕೆ ಹೊರದೇಶಕ್ಕೆ ಹೋಗಿದಾಳೆ ಅನ್ನು. ನಿನಗೂ ಮೊದಲಿಂದಲೂ ಅದೇ ಆಸೆ ಇತ್ತಲ್ಲ.”

“ಹ್ಞೂಂ. ಅಂತೂ ನನ್ನನ್ನೂ ಓದೋಕೆ ಕಳಿಸಿಬಿಟ್ಟೆ.”

ನರ್ಸ್ ಕರೆದಳು. ತಂಗಿ ಎದ್ದು, ಅಂಗಿಯ ತೋಳು ಮಡಚುವ ಮೊದಲು ಅಭ್ಯಾಸಬಲದಿಂದ ಬಳೆಯನ್ನು ಮೇಲಕ್ಕೆ ಸರಿಸಲು ಹೋದಳು. ಕೈ ಬರಿದಾಗಿತ್ತು.