ಒಂದು ಗಂಟೆ ಹಿಂದಿದ್ದ ಕ್ಯಾಮೆರಾ

ನನ್ನನ್ನು ಪೇಟೆಯಲ್ಲಿ ಎಲ್ಲರೂ ‘ಲೆನ್ಸ್ ಮಾಮ’ ಎಂದೇ ಕರೆಯುತ್ತಾರೆ. ವಯಸ್ಸು 38, ಕಸುಬು ಕನ್ನಡಕದ ಅಂಗಡಿ, ವಾಸ ಅಂಗಡಿಯ ಮೇಲಿನ ಮಹಡಿ. ಮೊನ್ನೆ ಸೋಮವಾರ ಇದೇ ಠಾಣೆಯಲ್ಲಿ ಕೊಟ್ಟ ಹೇಳಿಕೆಯನ್ನು ತಿದ್ದಲು ಬಂದಿದ್ದೇನೆ. ನಾನು ತಿಳಿಸುವುದಿಷ್ಟು.

ಭಾನುವಾರ ಸಂಜೆ 6 ಗಂಟೆ 5 ನಿಮಿಷಕ್ಕೆ ಸೇತುವೆಯ ಬಳಿ ರಸ್ತೆ ಗುಡಿಸುತ್ತಿದ್ದ ಹೆಂಗಸಿಗೆ ಬಿಳಿ ವ್ಯಾನೊಂದು ಗುದ್ದಿ, ನಿಲ್ಲದೆ ಹೋಯಿತು. ಆಕೆಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಬ್ರೆಡ್ ಸಾಗಿಸುವ ಬಿಳಿ ವ್ಯಾನ್ ಓಡಿಸುವ ನನ್ನ ಭಾವನನ್ನು ತಾವು ವಿಚಾರಿಸಿದಿರಿ. ಆಗ ನಾನು ನನ್ನ ಕ್ಯಾಮೆರಾದ ಫೋಟೋ ತೋರಿಸಿದೆ. ಸೇತುವೆಯಿಂದ 4 ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿ ಭಾವ ಮಗಳಿಗೆ ಜಡೆ ಹೆಣೆಯುತ್ತಿರುವ ಫೋಟೋ. ಸಮಯ 6 ಗಂಟೆ 2 ನಿಮಿಷ ಎಂದಿತ್ತು. ಫೋಟೋ ತೆಗೆಯುವಾಗ ನಾನು ಬೇರೆ ಗಡಿಯಾರ ನೋಡಿರಲಿಲ್ಲ. ತಾವು ಭಾವನನ್ನು ಬಿಟ್ಟಿರಿ.

ಈ ಕ್ಯಾಮೆರಾ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಒಳಗಿನ ಸೆನ್ಸರ್ ಮಾತ್ರ ದೊಡ್ಡದು, ಲೆನ್ಸಿಗೆ ಮಂದ ಬೆಳಕೂ ಸಾಕು. ಅದು ನನ್ನ ಎರಡನೇ ಹೆಂಡತಿ, ಮೊದಲನೆಯವಳು ಇನ್ನೂ ಬಂದಿಲ್ಲ ಎಂದು ಅಕ್ಕ ಹಾಸ್ಯ ಮಾಡುತ್ತಾಳೆ. ಫೋನಿನಿಂದ ಸಮಯವನ್ನು ತಾನೇ ಪಡೆಯುವ ಸೌಲಭ್ಯ ಅದರಲ್ಲಿದೆ. ನಾನು ಬಳಸುವುದಿಲ್ಲ. ಎಲ್ಲವನ್ನೂ ಕೈಯಾರೆ ಹೊಂದಿಸಬೇಕೆಂಬುದು ನನ್ನ ಜಂಬ. ಬ್ಯಾಟರಿ ತೆಗೆದಿಟ್ಟು ಬಹಳ ದಿನವಾಗಿದ್ದರಿಂದ ಭಾನುವಾರ ಅದು ಸಮಯ ಕೇಳಿತು. ಅಂಗಡಿಯಿಂದ ಹೊರಡುವಾಗ ಅಲ್ಲಿನ ಗಡಿಯಾರ ನೋಡಿ, ಲೆನ್ಸಿನ ಸುತ್ತಲಿನ ಉಂಗುರ ತಿರುಗಿಸಿ ಹಾಕಿದೆ. ಅವಸರದಲ್ಲಿ ಗಂಟೆಯ ಅಂಕಿಗೆ ಉಂಗುರ ಒಂದು ಹಲ್ಲು ಕಡಿಮೆ ತಿರುಗಿದೆ.

ನಿನ್ನೆ ಗಿರಾಕಿಯೊಬ್ಬರಿಗೆ ಲೆನ್ಸಿನ ಚುರುಕು ತೋರಿಸಲು ಅದೇ ಫೋಟೋವನ್ನು ಹಿಗ್ಗಿಸಿದೆ. ಭಾವನ ಕೈಗಡಿಯಾರದ ಮುಳ್ಳುಗಳು ಸ್ಪಷ್ಟವಾಗಿ ಕಂಡವು. 7 ಗಂಟೆ 2 ನಿಮಿಷ. ಯಾವುದು ತಪ್ಪೆಂದು ತಿಳಿಯಲು ಕ್ಯಾಮೆರಾವನ್ನು ಅಂಗಡಿಯ ಗಡಿಯಾರದ ಪಕ್ಕ ಹಿಡಿದೆ. ಕ್ಯಾಮೆರಾ ಸರಿಯಾಗಿ ಒಂದು ಗಂಟೆ ಹಿಂದಿತ್ತು.

ಇನ್ನೊಂದು ವಿಷಯ. ಅದಕ್ಕೆ ಮೊದಲು ತೆಗೆದ ಫೋಟೋಗಳಲ್ಲೆಲ್ಲ ಭಾವನ ಕೈಗಳು ಮಸುಕಾಗಿವೆ. ತೆಗೆಯುವವನ ಕೈ ನಡುಗಿದರೆ ಈ ಕ್ಯಾಮೆರಾ ಸರಿಪಡಿಸುತ್ತದೆ, ಎದುರಿಗಿದ್ದವರ ನಡುಕವನ್ನಲ್ಲ. ಅಂದು ನಾನು ಕೈ ಅಲುಗಿಸಬೇಡಿ ಎಂದು ಭಾವನಿಗೆ ಗದರಿ, ಶಟರ್ ವೇಗ ಹೆಚ್ಚಿಸಿಕೊಂಡೆ. ಅವರ ಮುಖ ನೋಡಲಿಲ್ಲ.

ಗುದ್ದಿದ್ದು ಅವರೇ ಎಂದು ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಮನೆಯಲ್ಲಿದ್ದರು ಎಂದು ಇನ್ನು ಹೇಳಲಾರೆ, ಅಷ್ಟೇ. ಬೇರೊಬ್ಬ ವ್ಯಾನ್ ಚಾಲಕನನ್ನು ತಾವು ಹಿಡಿದಿಟ್ಟಿದ್ದೀರಿ ಎಂದು ಕೇಳಿದೆ.

ಇಂದು ಬೆಳಿಗ್ಗೆ 8 ಗಂಟೆಗೆ, ಭಾವ ಕೆಲಸಕ್ಕೆ ಹೋದ ಮೇಲೆ, ಅಕ್ಕನಿಗೆ ಎಲ್ಲ ಹೇಳಿದೆ. ಅಂದು ಅವರು ಮನೆಗೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆ ಜಡೆ ಅವರಿಂದ ಮುಗಿಯಲೇ ಇಲ್ಲ, ಬಿಚ್ಚಿ ತಾನೇ ಹೆಣೆದೆ ಎಂದಳು. ಆಮೇಲೆ, “ಇವತ್ತೇ ಹೋಗಿ ಹೇಳ್ಬಿಡು. ನಾಳೆ ಆದ್ರೆ ಬೇಡ ಅಂತ ನಾನೇ ನಿನ್ನ ಕಾಲು ಹಿಡ್ಕೋತೀನಿ” ಎಂದಳು. ಆದ್ದರಿಂದ ಇಂದೇ ಬಂದಿದ್ದೇನೆ.

ಕ್ಯಾಮೆರಾವನ್ನೂ ಮೆಮೊರಿ ಕಾರ್ಡನ್ನೂ ಒಪ್ಪಿಸಿದ್ದೇನೆ. ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಬುಧವಾರ, ಬೆಳಿಗ್ಗೆ 9.40
ಸಹಿ: (ಕನ್ನಡಕದ ಅಂಗಡಿಯವರು)