ಎರಡು ಗೆರೆಗಳ ನಡುವಿನ ಜಾಗ

ಡಿಸೆಂಬರಿನ ಆ ಬೆಳಿಗ್ಗೆ ದಟ್ಟ ಮಂಜು ಕವಿದು, ಬಿಜೈ ನಿಲ್ದಾಣದ ಬಸ್ಸುಗಳು ಹತ್ತಿರ ಬಂದ ಮೇಲಷ್ಟೇ ಕಾಣುತ್ತಿದ್ದವು. ದೇವಸ್ಥಾನಕ್ಕೆ ಹೊರಟಿದ್ದ ಆಶಾಲತಾ ಬೆಂಚಿನ ಮೇಲೆ ಮನಸ್ಸಿನಲ್ಲೇ ನಾಮ ಜಪಿಸುತ್ತ ಕುಳಿತಿದ್ದರು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹೆಂಗಸಿಗೆ ಫೋಟೋ ಸ್ಟುಡಿಯೋದ ಪರಿಚಯದವನು ಸಿಕ್ಕಿದ್ದ.

"ಕ್ರಿಸ್ಮಸಿಗೆ ಫ್ಯಾಮಿಲಿ ಫೋಟೋ ಉಂಟಲ್ಲ, ಮಟಿಲ್ಡಾ ಆಂಟಿ? ನಿಮ್ಮ ಮನೆಯ ಗೈಡ್ ಗೆರೆಗಳನ್ನು ಕಂಪ್ಯೂಟರಿನಲ್ಲಿ ಸೇವ್ ಮಾಡಿ ಇಟ್ಟಿದ್ದೇನೆ."

"ಎಂತ ಗೆರೆ, ಶೋಭಿತ್?"

"ಫೋಟೋದಲ್ಲಿ ಯಾರು ಎಲ್ಲಿ ಅಂತ ತೋರಿಸುವ ಅಳತೆಯ ಗೆರೆ. ಪ್ರತಿ ವರ್ಷ ಅದನ್ನೇ ತೆರೆಯುವುದು. ಈಚೆ ನೀವು, ಆಚೆ ಮಗ ಗೇವಿನ್, ನಡುವಿನ ಜಾಗದಲ್ಲಿ ಕುವೈತಿನ ಅಂಕಲ್‌ನ ಅಂಟಿಸುವುದು."

"ನನ್ನ ಗಂಡನ ಅದೇ ಹಳೇ ನೀಲಿ ಕೋಟಿನ ಫೋಟೋ ಅಲ್ವಾ? ಹೋದ ವರ್ಷದ್ದರಲ್ಲಿ ನಾನು ಅವರ ಅಕ್ಕನ ಹಾಗೆ ಕಾಣ್ತೇನೆ ಮಾರಾಯ!"

"ಹೊಸತು ಕಳಿಸ್ಲಿಕ್ಕೆ ಹೇಳಿ."

"ಹೇಳಿದ್ರೆ, ನಾನೇ ಬರ್ತೇನಲ್ಲ ಅಂತಾರೆ. ಈ ಸಲವೂ ರಜೆ ಸಿಗ್ಲಿಲ್ಲ."

ಆಶಾಲತಾರ ಜಪ ನಿಂತೇ ಹೋಯಿತು.

"ಹಾಗಾದ್ರೆ ಗೆರೆ ತೆಗೆದು ನಿಮ್ಮಿಬ್ಬರನ್ನು ಹತ್ತಿರ ಮಾಡ್ಲಾ?"

"ಬೇಡ. ಗೆರೆ ಇರ್ಲಿ, ಜಾಗ ಖಾಲಿ ಬಿಡು. ಅವರನ್ನು ಅಂಟಿಸಬೇಡ. ಹಾಗೆಯೇ ಪ್ರಿಂಟ್ ಕೊಡು, ಕುವೈತಿಗೆ ಕಳಿಸ್ತೇನೆ. ಆ ಖಾಲಿ ಜಾಗದಲ್ಲಿ ನಿಲ್ಲಲಿಕ್ಕೆ ಅವರೇ ಬರ್ಲಿ."

"ನೋಡ್ಲಿಕ್ಕೆ ಒಂದು ಥರಾ ಆಗ್ತದೆ, ಆಂಟಿ."

"ಆಗ್ಲಿ. ಅವರಿಗೂ ಆಗ್ಲಿ."

ಬಸ್ಸು ಬಂತು. ಶೋಭಿತ್ ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿಗೆ ಕೈ ಹಾಕಿ, ನೀಲಿ ಕೋಟು ತೊಟ್ಟವನ ಹಳೆಯ ಫೋಟೋವೊಂದನ್ನು ಹೊರತೆಗೆದ.

"ಸ್ಕ್ಯಾನಿಗೆಂದು ಕೊಟ್ಟದ್ದು, ಆಂಟಿ. ನನ್ನಲ್ಲೇ ಉಳಿದಿತ್ತು," ಎಂದು ಮೆಲ್ಲನೆ ಅವರ ಕೈಗಿಟ್ಟ.

ಮಟಿಲ್ಡಾ ಅದನ್ನು ಪರ್ಸಿಗೆ ಹಾಕದೆ, ಹಿಡಿದುಕೊಂಡೇ ಬಸ್ಸು ಹತ್ತಿದರು.