ಮೂರನೆಯ ಬಟ್ಟಲು

ಅಧ್ಯಕ್ಷರಾದ ಪಟೇಲ ವೆಂಕಟರಾಯಪ್ಪನವರೇ, ದೇವನಹಳ್ಳಿಯಿಂದ ಬಿಸಿಲಲ್ಲಿ ಬಂದಿರುವ ಅಮಲ್ದಾರರೇ, ಇಪ್ಪತ್ತೆಂಟು ವರ್ಷ ನನ್ನೊಡನೆ ನೀರಿಗಾಗಿ ಜಗಳವಾಡಿದ ಸಭಿಕರೇ,

ಬಟ್ಟೆಗೂ ರೇಷನ್ ಚೀಟಿ ಬೇಕಾದ ಈ ಕಾಲದಲ್ಲಿ, ಕೆರೆಯ ನೀರು ಹಂಚುವ ಕೆಲಸ ಬಿಡುತ್ತಿರುವ ನೀರುಗಂಟಿಗೆ ಶಾಲು ಹೊದಿಸಿದ್ದೀರಿ. ಈ ಪಾಪಯ್ಯ ಒಮ್ಮೆಯೂ ನೀರು ಕದ್ದವನಲ್ಲ ಎಂದು ಅಧ್ಯಕ್ಷರು ಹೇಳಿದರು. ಅದು ಸುಳ್ಳು. ಒಮ್ಮೆ ಕದ್ದಿದ್ದೇನೆ.

ನಮ್ಮ ಕೆರೆಯಲ್ಲಿ ಸರದಿಯನ್ನು ಅಳೆಯುವುದು ಯಾವುದರಿಂದ? ತೂತಿನ ತಾಮ್ರದ ಬಟ್ಟಲಿನಿಂದ. ಹಂಡೆಯ ನೀರಲ್ಲಿ ತೇಲಿಬಿಟ್ಟ ಬಟ್ಟಲು ತುಂಬಿ ಎರಡು ಸಲ ಮುಳುಗಿದರೆ ಒಂದು ಗದ್ದೆಯ ಸರದಿ ಮುಗಿಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಬೇಸಿಗೆ, ದ್ಯಾವಮ್ಮನವರ ಗದ್ದೆಗೆ ನಾನು ಮೂರು ಬಟ್ಟಲು ಬಿಟ್ಟೆ. ಯಾಕೆ? ಅವರ ಮಗಳು ಸಪ್ಪಲಮ್ಮನ ಮೇಲೆ ನನಗೆ ಮನಸ್ಸಾಗಿತ್ತು. ಮುಂದಿನ ಸರದಿಯ ಅಪ್ಪಯ್ಯಣ್ಣನವರು ಊಟಕ್ಕೆ ಹೋಗಿದ್ದರು. ಅವರಿಗೆ ಉಳಿದದ್ದು ಒಂದೇ ಬಟ್ಟಲು.

ದ್ಯಾವಮ್ಮ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ಸೊಂಟಕ್ಕೆ ಕೈಯಿಟ್ಟು, "ಏನಪ್ಪಾ, ಅಪ್ಪಯ್ಯಣ್ಣನ ನೀರು ನಂಗೆ ಕೊಟ್ಟೋನು ನಾಳೆ ನನ್ನ ನೀರು ಇನ್ಯಾರಿಗೆ ಕೊಡ್ತೀಯೋ. ನಿನ್ನ ನಂಬಿ ಮಗಳ್ನ ಕೊಡಲ್ಲ, ಹೋಗು" ಎಂದರು.

ಅಂದೇ ಅಪ್ಪಯ್ಯಣ್ಣನವರಿಗೆ ತಪ್ಪೊಪ್ಪಿಕೊಂಡೆ. ಬಾಯಿಗೆ ಬಂದಂತೆ ಬೈದರು. ನನ್ನ ಗದ್ದೆಯ ಪಾಲಿನ ಒಂದು ಬಟ್ಟಲು ನೀರನ್ನು ಅವರಿಗೆ ಬಿಟ್ಟೆ. ಹಂಡೆಯನ್ನು ಎಲ್ಲರಿಗೂ ಕಾಣುವಂತೆ ಏರಿಯ ಮೇಲಿಟ್ಟೆ. ನಾನು ನೋಡದೆ ಬಟ್ಟಲು ಮುಳುಗಿಬಿಟ್ಟರೆ ಲೆಕ್ಕ ತಪ್ಪಿತೆಂದು ಆ ಸರದಿಯವರಿಗೆ ನಾನೇ ಹೇಳುತ್ತಿದ್ದೆ. ಆದರೂ ದ್ಯಾವಮ್ಮ ತಮ್ಮ ಸರದಿಯ ದಿನ ಬಂದು ಹಂಡೆಯ ಪಕ್ಕ ಕೂರುವರು, ರೆಪ್ಪೆ ಮಿಟುಕಿಸದೆ ಬಟ್ಟಲನ್ನೇ ನೋಡುವರು. ಒಂದು ಬೇಸಿಗೆ ಹೋಯಿತು, ಇನ್ನೊಂದೂ ಹೋಯಿತು. ಸಪ್ಪಲಮ್ಮನನ್ನು ನೋಡಲು ರಾಜಘಟ್ಟದಿಂದ ಒಬ್ಬ ಗಂಡು ಬಂದುಹೋದ. ಅವನ ಮೀಸೆ ಚೆನ್ನಾಗಿತ್ತು. ಇರಲಿ, ಅದೀಗ ಯಾಕೆ.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ತಿರುಗಿ ನೋಡುತ್ತೇನೆ, ದ್ಯಾವಮ್ಮ ಹೊಂಗೆಯ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಎಚ್ಚರವಾದಾಗ, "ಎರಡಾಯ್ತೇನಪ್ಪಾ?" ಎಂದರು.

"ಆಯ್ತು ಅತ್ತೆ" ಎಂದೆ.

ಹಂಡೆಯತ್ತ ತಿರುಗಿಯೂ ನೋಡಲಿಲ್ಲ. "ಹಂಗಾದ್ರೆ ನಾಳೆ ನಿಮ್ಮವ್ವನ್ನ ಕರ್ಕೊಂಡು ಮನೆ ಕಡೆ ಬಾ" ಎಂದರು. ಸಪ್ಪಲಮ್ಮ ನನ್ನ ಮನೆ ತುಂಬಿದಳು.

ನನ್ನ ಅತ್ತೆ ಅಗೋ, ಮುಂದಿನ ಸಾಲಿನಲ್ಲಿದ್ದಾರೆ. ನಾನು ಮಾತು ಶುರುಮಾಡಿದಾಗಿನಿಂದ ನಿದ್ದೆ. ಭಾಷಣ ಬೇಸರವಾಯಿತೆಂದು ನೀವು ನಗುತ್ತಿದ್ದೀರಿ. ನಗಿ. ಈ ಶಾಲಿಗಿಂತ ಆ ನಿದ್ದೆಯೇ ನನಗೆ ದೊಡ್ಡ ಮರ್ಯಾದೆ. ನಿಮಗೆಲ್ಲ ನನ್ನ ವಂದನೆಗಳು. ಚಪ್ಪಾಳೆ ಮಾತ್ರ ಮೆಲ್ಲಗೆ ತಟ್ಟಿ. ನಮಸ್ಕಾರ.